‘ರನ್’ ಎಂದರೆ ಓಡುವುದಷ್ಟೇ ಅಲ್ಲ: ಒಂದು ಇಂಗ್ಲಿಷ್ ಪದವನ್ನು ಕನ್ನಡಕ್ಕೆ ಬಿಡಿಸಿಕೊಳ್ಳುವ ಬಗೆ

‘ರನ್’ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಈ ಪ್ರಶ್ನೆ ನನ್ನನ್ನು ಬಿಟ್ಟು ಹೋಗುವುದೇ ಇಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು ಕೇಳುತ್ತಾರೆ, ಕಚೇರಿಯ ಸುತ್ತೋಲೆಯನ್ನು ಸಂಜೆಯೊಳಗೆ ಕನ್ನಡಕ್ಕೆ ತರಬೇಕಾದ ಗುಮಾಸ್ತರು ಕೇಳುತ್ತಾರೆ, ಮಕ್ಕಳನ್ನು ಮನೆಪಾಠಕ್ಕೆ ಕೂರಿಸಿಕೊಂಡ ಅಪ್ಪ ಅಮ್ಮಂದಿರು ಕೇಳುತ್ತಾರೆ. ಎಲ್ಲರಿಗೂ ನಾನು ಮೊದಲು ಹೇಳುವುದು ಒಂದೇ: ಒಂಟಿ ಪದಕ್ಕೆ ಉತ್ತರವಿಲ್ಲ, ವಾಕ್ಯ ತನ್ನಿ. ಆಮೇಲಿನದನ್ನೆಲ್ಲ ಪ್ರತಿಸಲ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನಿಮಗೆ ಈ ಪದ ಕಷ್ಟವಾದರೆ ತಪ್ಪು ನಿಮ್ಮದಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಅತಿ ಹೆಚ್ಚು ಜಾಗ ಹಿಡಿದಿದ್ದ ಪದ ‘ಸೆಟ್’. ಅದರ ಕ್ರಿಯಾಪದಕ್ಕೆ ಸುಮಾರು 430 ಅರ್ಥಗಳು. 2011ರಲ್ಲಿ ‘ರನ್’ ಪದದ ಪರಿಷ್ಕರಣೆ ಮುಗಿದಾಗ ಅದರ ಕ್ರಿಯಾಪದವೊಂದಕ್ಕೇ 645 ಅರ್ಥಗಳು ಸಿಕ್ಕಿದ್ದವು. ಆ ಒಂದು ನಮೂದನ್ನು ಸಿದ್ಧಪಡಿಸಲು ಸಂಪಾದಕ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಹಿಡಿಯಿತು. ನಮಗೆ ಅಷ್ಟೆಲ್ಲ ಬೇಡ. ದಿನಪತ್ರಿಕೆ, ಪಠ್ಯಪುಸ್ತಕ, ಕಚೇರಿ ಕಾಗದಗಳಲ್ಲಿ ಮತ್ತೆ ಮತ್ತೆ ಎದುರಾಗುವುದು ಇಪ್ಪತ್ತೋ ಮೂವತ್ತೋ ಅರ್ಥಗಳು.

ಅರ್ಥಗಳು ಇಷ್ಟೊಂದು ಕವಲೊಡೆದದ್ದಕ್ಕೆ ಕಾರಣವೂ ಇದೆ. ಹಳೆಯ ಇಂಗ್ಲಿಷಿನಲ್ಲಿ ಈ ಪದದ ಮೂಲರೂಪಕ್ಕೆ ಓಡುವುದು, ಹರಿಯುವುದು ಎರಡೂ ಅರ್ಥಗಳಿದ್ದವು. ಇಂಗ್ಲಿಷಿನ ದಾಯಾದಿ ಜರ್ಮನ್ ಭಾಷೆ ಇವನ್ನು ಬೇರೆ ಮಾಡಿಕೊಂಡಿದೆ: ಓಡುವುದಕ್ಕೆ ‘ರೆನ್ನೆನ್’, ಹರಿಯುವುದಕ್ಕೆ ‘ರಿನ್ನೆನ್’. ಇಂಗ್ಲಿಷ್ ಒಂದರಲ್ಲೇ ಉಳಿಯಿತು. ಹಾಗಾಗಿ ಅಲ್ಲಿ ಕುದುರೆಯೂ ನದಿಯೂ ನೆಗಡಿಯಾದವನ ಮೂಗೂ ಒಂದೇ ಕೆಲಸ ಮಾಡುತ್ತವೆ. ಮುಂದೆ ಗಿರಣಿ, ರೈಲು, ಕಂಪ್ಯೂಟರ್ ಬಂದಂತೆಲ್ಲ ಅವೂ ಅದೇ ಸಾಲಿಗೆ ಸೇರಿಕೊಂಡವು. ಇದನ್ನು ಕಂಡು ನಗುವ ಮೊದಲು ನಮ್ಮ ‘ಹೊಡೆ’ ಪದವನ್ನು ನೆನೆಯಿರಿ. ಗೋಡೆಗೆ ಬಣ್ಣ ಹೊಡೆಯುತ್ತೇವೆ, ಬಯಲಲ್ಲಿ ಡೇರೆ ಹೊಡೆಯುತ್ತೇವೆ, ಗಾಡಿ ಹೊಡೆಯುತ್ತೇವೆ, ರಾತ್ರಿ ಗೊರಕೆ ಹೊಡೆಯುತ್ತೇವೆ. ಇಷ್ಟರಲ್ಲಿ ಪೆಟ್ಟು ತಿಂದವರು ಯಾರೂ ಇಲ್ಲ, ಗಾಡಿಯ ಎತ್ತೊಂದನ್ನು ಬಿಟ್ಟು.

ಬೇಕಾದ ಸಾಮಗ್ರಿ

ಪೂರ್ತಿ ವಾಕ್ಯ, ಸಾಧ್ಯವಾದರೆ ಅದರ ಹಿಂದಿನ ಮುಂದಿನ ವಾಕ್ಯಗಳೂ. ಒಂದು ಪೆನ್ಸಿಲ್. ಉದಾಹರಣೆ ವಾಕ್ಯಗಳಿರುವ ಒಂದು ಇಂಗ್ಲಿಷ್–ಇಂಗ್ಲಿಷ್ ನಿಘಂಟು. ಜೊತೆಗೆ ಒಂದು ಇಂಗ್ಲಿಷ್–ಕನ್ನಡ ನಿಘಂಟು. ಮೈಸೂರು ವಿಶ್ವವಿದ್ಯಾಲಯದ್ದು ಸಿಕ್ಕರೆ ಒಳ್ಳೆಯದು. ಜೇಬಿನಲ್ಲಿ ಹಿಡಿಸುವ ಪುಟ್ಟ ನಿಘಂಟುಗಳನ್ನು ಈ ಕೆಲಸಕ್ಕೆ ನಂಬಬೇಡಿ. ಅವು ‘ಓಡು, ಹರಿ, ನಡೆಸು’ ಎಂದು ಮೂರು ಪದ ಕೊಟ್ಟು ಕೈತೊಳೆದುಕೊಳ್ಳುತ್ತವೆ, ಯಾವುದು ಯಾವಾಗ ಎಂದು ಹೇಳುವುದಿಲ್ಲ.

1. ನಾಮಪದವೋ ಕ್ರಿಯಾಪದವೋ ನೋಡಿ

‘ರನ್’ ಹಿಂದೆ ‘ಎ’ ಅಥವಾ ‘ದ’ ಇದ್ದರೆ ಹೆಚ್ಚುಕಡಿಮೆ ಅದು ನಾಮಪದ, ಅಂದರೆ ಒಂದು ವಸ್ತು ಅಥವಾ ಘಟನೆಯ ಹೆಸರು. ಅದಕ್ಕೆ ಕ್ರಿಯಾಪದದ ಅರ್ಥ ಹಚ್ಚಲು ಹೋಗಬೇಡಿ.

ನಾಮಪದಗಳಲ್ಲಿ ಸುಲಭವಾದದ್ದು ಕ್ರಿಕೆಟ್ಟಿನ ರನ್. ಅದನ್ನು ರನ್ ಎಂದೇ ಬಿಡಿ. ಚೆಂಡು ಬೌಂಡರಿ ದಾಟಿದರೆ ಒಂದು ಹೆಜ್ಜೆಯನ್ನೂ ಓಡದೆ ನಾಲ್ಕು ರನ್ ಸಿಗುವ ಆಟದಲ್ಲಿ ‘ಓಟ’ ಎಂದು ಅನುವಾದಿಸಿದರೆ ಲೆಕ್ಕ ತಪ್ಪುತ್ತದೆ. ಪುಸ್ತಕದ ‘ಪ್ರಿಂಟ್ ರನ್’ ಎಂದರೆ ಒಂದು ಸಲಕ್ಕೆ ಅಚ್ಚು ಹಾಕಿದ ಪ್ರತಿಗಳ ಸಂಖ್ಯೆ. ‘ಚಿಕನ್ ರನ್’ ಎಂದರೆ ಕೋಳಿಗಳು ಓಡಾಡಿಕೊಂಡಿರಲು ಬಲೆ ಕಟ್ಟಿದ ಜಾಗ. ಹೊಸ ಮೆಟ್ರೊ ಮಾರ್ಗದ ‘ಟ್ರಯಲ್ ರನ್’ ನಮ್ಮ ಪತ್ರಿಕೆಗಳಲ್ಲಿ ಆಗಲೇ ‘ಪ್ರಾಯೋಗಿಕ ಸಂಚಾರ’ ಆಗಿದೆ. ಚೆನ್ನಾಗಿದೆ, ಹಾಗೇ ಇರಲಿ.

ಎಚ್ಚರ ಬೇಕಾದದ್ದು ‘ಬ್ಯಾಂಕ್ ರನ್’ ವಿಷಯದಲ್ಲಿ. ಬ್ಯಾಂಕು ಮುಳುಗಬಹುದೆಂಬ ಭಯದಿಂದ ಠೇವಣಿದಾರರೆಲ್ಲ ಒಮ್ಮೆಲೇ ಹಣ ತೆಗೆಯಲು ಮುಗಿಬೀಳುವುದನ್ನು ಹೀಗೆನ್ನುತ್ತಾರೆ. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಶಾಖೆಗಳ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. 2023ರ ಮಾರ್ಚಿನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನ 4,200 ಕೋಟಿ ಡಾಲರ್ ಹಿಂಪಡೆಯಲು ಬೇಡಿಕೆ ಬಂತು, ಬಹುಪಾಲು ಮೊಬೈಲ್ ಮತ್ತು ಕಂಪ್ಯೂಟರಿನ ಮೂಲಕವೇ. ಎರಡು ಕಡೆಯೂ ಯಾರೂ ಓಡಲಿಲ್ಲ. ‘ಬ್ಯಾಂಕ್ ಓಟ’ ಎಂದು ಬರೆದರೆ ಓದುಗ ಬ್ಯಾಂಕ್ ನೌಕರರ ಕ್ರೀಡಾಕೂಟ ಎಂದುಕೊಳ್ಳುತ್ತಾನೆ. ‘ಠೇವಣಿ ಹಿಂಪಡೆಯಲು ಮುಗಿಬಿದ್ದರು’ ಎನ್ನಿ. ಉದ್ದವಾದರೂ ಅಡ್ಡಿಯಿಲ್ಲ.

2. ಯಾರು, ಅಥವಾ ಯಾವುದು ‘ರನ್’ ಆಗುತ್ತಿದೆ ಎಂದು ಕೇಳಿ

ಇಡೀ ಕೆಲಸದ ಬೇರು ಇಲ್ಲಿದೆ. ವಾಕ್ಯದ ಕರ್ತೃವಿನ ಕೆಳಗೆ, ಅಂದರೆ ಕೆಲಸ ಮಾಡುತ್ತಿರುವ ವ್ಯಕ್ತಿ ಅಥವಾ ವಸ್ತುವಿನ ಕೆಳಗೆ, ಪೆನ್ಸಿಲಿನಿಂದ ಗೆರೆ ಎಳೆಯಿರಿ. ‘ರನ್’ ಪದವನ್ನು ಬೆರಳಿನಿಂದ ಮುಚ್ಚಿ. ಈಗ ನಿಮ್ಮನ್ನೇ ಕೇಳಿಕೊಳ್ಳಿ: ಈ ವಸ್ತುವಿನ ವಿಷಯದಲ್ಲಿ ಕನ್ನಡದಲ್ಲಿ ನಾವು ಏನನ್ನುತ್ತೇವೆ? ಇಂಗ್ಲಿಷಿನ ಕ್ರಿಯಾಪದಕ್ಕೆ ಕನ್ನಡ ಹುಡುಕಬೇಡಿ. ನಾಮಪದಕ್ಕೆ ಒಪ್ಪುವ ಕನ್ನಡ ಕ್ರಿಯಾಪದವನ್ನು ಹುಡುಕಿ.

ಮೂಗು ಏನು ಮಾಡುತ್ತದೆ? ಸೋರುತ್ತದೆ. ಹೊಳೆ ಹರಿಯುತ್ತದೆ. ನಲ್ಲಿಯಲ್ಲಿ ನೀರು ಬರುತ್ತದೆ. ಬಾವಿ ‘ಡ್ರೈ’ ಆಗಿ ‘ರನ್’ ಆದರೆ ಬತ್ತುತ್ತದೆ. ರೈಲು ಓಡುತ್ತದೆ ಅಥವಾ ಸಂಚರಿಸುತ್ತದೆ. ಕಾರು ಪೆಟ್ರೋಲಿನಿಂದ ಓಡುತ್ತದೆ, ಪಂಪ್‌ಸೆಟ್ ಡೀಸೆಲ್‌ನಿಂದ ನಡೆಯುತ್ತದೆ. ಸಿನಿಮಾ ನೂರು ದಿನ ಓಡುತ್ತದೆ; ಇಲ್ಲಿ ನಾವೂ ಇಂಗ್ಲಿಷಿನವರೂ ಒಂದೇ. ಭೂಗೋಳದ ಪಾಠದಲ್ಲಿ ಪಶ್ಚಿಮ ಘಟ್ಟಗಳು ಕರಾವಳಿಗೆ ಸಮಾಂತರವಾಗಿ ‘ರನ್’ ಆಗುತ್ತವೆ. ಬೆಟ್ಟ ಓಡಿದರೆ ಪ್ರಳಯವಾದೀತು. ಬೆಟ್ಟ ಹಬ್ಬುತ್ತದೆ, ರಸ್ತೆ ಹಾದುಹೋಗುತ್ತದೆ. ಕರಾರುಪತ್ರ 2027ರ ಮಾರ್ಚ್‌ವರೆಗೆ ‘ರನ್’ ಆಗುವುದಾದರೆ ಅದು ಅಲ್ಲಿಯವರೆಗೆ ಜಾರಿಯಲ್ಲಿರುತ್ತದೆ.

ಬಣ್ಣದ ವಿಷಯ ಸ್ವಲ್ಪ ನಿಂತು ನೋಡುವಂಥದ್ದು. ಹೊಸ ಕೆಂಪು ಸೀರೆಯನ್ನು ಬಿಳಿ ಬನಿಯನ್ನಿನ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಸಿದ ಮನೆಗಳಲ್ಲಿ ಇದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತು ನಿಮಿಷ ಬಿಟ್ಟು ಬಂದರೆ ನೀರು ಕೋಕಂ ಶರಬತ್ತಿನಂತಾಗಿರುತ್ತದೆ, ಬನಿಯನ್ನಿನ ತೋಳಿನ ಅಂಚು ಗುಲಾಬಿಗೆ ತಿರುಗಿರುತ್ತದೆ. ಬಟ್ಟೆಯ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ‘ಬಣ್ಣ ರನ್ ಆಗಬಹುದು’ ಎಂದು ಅಚ್ಚಾಗಿರುವುದು ಇದನ್ನೇ. ಕನ್ನಡದಲ್ಲಿ ಬಣ್ಣ ಬಿಡುತ್ತದೆ. ‘ಬಣ್ಣ ಹೋಗುತ್ತದೆ’ ಎಂದು ಬರೆಯುವವರಿದ್ದಾರೆ. ಅದು ಮಾಸುವುದಕ್ಕೂ ಆಗುವ ಮಾತು. ಒಂದು ಬಟ್ಟೆಯ ಬಣ್ಣ ಇನ್ನೊಂದಕ್ಕೆ ಹತ್ತುವ ಎಚ್ಚರಿಕೆ ಕೊಡಬೇಕಾದಲ್ಲಿ ‘ಬಿಡುತ್ತದೆ’ ಎಂಬುದೇ ಸರಿ.

3. ಕರ್ಮ ಇದೆಯೇ ನೋಡಿ, ಇದ್ದರೆ ‘ಇಸು’ ಸೇರಿಸಿ

ಇಂಗ್ಲಿಷಿನಲ್ಲಿ ಯಂತ್ರ ತಾನಾಗಿ ನಡೆದರೂ ‘ರನ್’, ಅದನ್ನು ಇನ್ನೊಬ್ಬರು ನಡೆಸಿದರೂ ‘ರನ್’. ಪದದ ರೂಪ ಬದಲಾಗುವುದಿಲ್ಲ. ಕನ್ನಡ ಹಾಗಲ್ಲ. ಓಡು–ಓಡಿಸು, ನಡೆ–ನಡೆಸು, ಹರಿ–ಹರಿಸು. ಆದ್ದರಿಂದ ‘ರನ್’ ಆದಮೇಲೆ ನೇರವಾಗಿ ಒಂದು ನಾಮಪದ ಬಂದಿದ್ದರೆ, ಅಂದರೆ ಕೆಲಸ ಯಾವುದರ ಮೇಲೆ ನಡೆಯುತ್ತಿದೆಯೋ ಆ ಕರ್ಮ ಇದ್ದರೆ, ‘ಇಸು’ ರೂಪವನ್ನು ಆರಿಸಿ. ಹೋಟೆಲ್ ನಡೆಸುತ್ತಾಳೆ, ಟ್ರಾಕ್ಟರ್ ಓಡಿಸುತ್ತಾನೆ, ನಾಲೆಗೆ ನೀರು ಹರಿಸುತ್ತಾರೆ. ಕಂಪ್ಯೂಟರಿನ ತಂತ್ರಾಂಶವನ್ನು ಚಲಾಯಿಸುತ್ತಾರೆ. ‘ಚಲಾಯಿಸು’ ಕಿವಿಗೆ ಸ್ವಲ್ಪ ಭಾರ ಎನ್ನುವವರಿಗೆ: ಮತವನ್ನೂ ಅಧಿಕಾರವನ್ನೂ ನಾವು ಎಷ್ಟೋ ಕಾಲದಿಂದ ಚಲಾಯಿಸುತ್ತಲೇ ಇದ್ದೇವೆ, ತಂತ್ರಾಂಶಕ್ಕೂ ಅದೇ ಸಾಕು. ಪತ್ರಿಕೆ ಒಂದು ಸುದ್ದಿಯನ್ನು ‘ರನ್’ ಮಾಡಿದರೆ ಮಾತ್ರ ಅದು ಪ್ರಕಟಿಸುವುದು.

ಈ ಸೂತ್ರಕ್ಕೆ ಒಂದು ಸೊಗಸಾದ ತಿರುವು ಚುನಾವಣೆಯಲ್ಲಿದೆ. ಅಮೆರಿಕದವರು ಚುನಾವಣೆಗೆ ಓಡುತ್ತಾರೆ, ನಾವು ಚುನಾವಣೆಗೆ ನಿಲ್ಲುತ್ತೇವೆ. ಬ್ರಿಟನ್ನಿನ ಇಂಗ್ಲಿಷಿನಲ್ಲೂ ಅಭ್ಯರ್ಥಿ ನಿಲ್ಲುವುದೇ ರೂಢಿ. ಪಕ್ಷ ಒಬ್ಬ ಅಭ್ಯರ್ಥಿಯನ್ನು ‘ರನ್’ ಮಾಡಿತು ಎಂದಿದ್ದರೆ? ಸೂತ್ರದ ಪ್ರಕಾರವೇ ‘ಇಸು’ ಸೇರಿ ‘ನಿಲ್ಲಿಸಿತು’ ಆಗುತ್ತದೆ. ಆದರೆ ‘ನಿಲ್ಲಿಸು’ ಪದಕ್ಕೆ ತಡೆ ಎಂಬ ಅರ್ಥವೂ ಇದೆಯಲ್ಲ. ‘ಪಕ್ಷ ಅವರನ್ನು ನಿಲ್ಲಿಸಿತು’ ಎಂದಷ್ಟೇ ಬರೆದರೆ ಟಿಕೆಟ್ ಕೊಟ್ಟಿತೋ ತಪ್ಪಿಸಿತೋ ತಿಳಿಯುವುದಿಲ್ಲ. ‘ಕಣಕ್ಕಿಳಿಸಿತು’ ಎಂದರೆ ಗೊಂದಲವಿಲ್ಲ.

ಇನ್ನೊಂದು ಹಳ್ಳ: ಜ್ವರ. ಮಗು ಜ್ವರವನ್ನು ‘ರನ್’ ಮಾಡುತ್ತಿದೆ ಎಂದು ಇಂಗ್ಲಿಷ್ ಹೇಳುತ್ತದೆ, ಮಗು ಅಂಗಡಿ ಇಟ್ಟುಕೊಂಡ ಹಾಗೆ. ಕನ್ನಡದಲ್ಲಿ ಜ್ವರವೇ ಕರ್ತೃ: ಮಗುವಿಗೆ ಜ್ವರ ಬಂದಿದೆ. ದೇಹಕ್ಕೂ ಮನಸ್ಸಿಗೂ ಆಗುವ ಸಂಗತಿಗಳಲ್ಲಿ ಕನ್ನಡ ಹೆಚ್ಚಾಗಿ ವ್ಯಕ್ತಿಗೆ ‘ಗೆ’, ‘ಇಗೆ’ ಹಚ್ಚಿ ಪಕ್ಕಕ್ಕೆ ಕೂರಿಸುತ್ತದೆ. ‘ಐ ಆಮ್ ರನ್ನಿಂಗ್ ಲೇಟ್’ ಎಂಬುದೂ ಹಾಗೆಯೇ: ನನಗೆ ತಡವಾಗುತ್ತಿದೆ. ‘ನಾನು ತಡವಾಗಿ ಓಡುತ್ತಿದ್ದೇನೆ’ ಎಂಬ ವಾಕ್ಯವನ್ನು ಅಚ್ಚಿನಲ್ಲಿ ಕಣ್ಣಾರೆ ಕಂಡಿದ್ದೇನೆ, ಎಲ್ಲಿ ಎಂದು ಕೇಳಬೇಡಿ.

4. ಬಾಲದ ಪದ ನೋಡಿ

‘ರನ್’ ಪಕ್ಕದಲ್ಲಿ ‘ಔಟ್’, ‘ಓವರ್’, ‘ಇಂಟು’, ‘ಡೌನ್’, ‘ಅಪ್’ ಮುಂತಾದ ಪುಟ್ಟ ಪದ ಇದ್ದರೆ ಎರಡನ್ನೂ ಒಂದೇ ಪದ ಎಂದು ಭಾವಿಸಿ, ನಿಘಂಟಿನಲ್ಲೂ ಹಾಗೇ ಹುಡುಕಿ. ಇಂಥ ಜೋಡಿಗೆ ವ್ಯಾಕರಣದಲ್ಲಿ ಪದಗುಚ್ಛ ಕ್ರಿಯಾಪದ ಎನ್ನುತ್ತಾರೆ. ಬಿಡಿಸಿ ಅನುವಾದಿಸಿದರೆ ಕೆಟ್ಟಿತು.

‘ರನ್ ಔಟ್’ ಎಂದೊಡನೆ ನಮಗೆ ಬೇಲ್ಸ್ ಹಾರಿದ್ದೇ ಕಣ್ಣಿಗೆ ಕಟ್ಟುತ್ತದೆ. ಕ್ರಿಕೆಟ್ ವರದಿಯಾದರೆ ರನ್ ಔಟ್ ಎಂದೇ ಬರೆಯಿರಿ. ಅಡುಗೆಮನೆಯಾದರೆ ಹಾಲು ಮುಗಿದಿದೆ ಎಂದು ಅರ್ಥ. ಗಮನಿಸಿ, ಇಂಗ್ಲಿಷ್ ‘ನಾವು’ ಎಂದು ಶುರುಮಾಡುತ್ತದೆ, ಕನ್ನಡ ‘ಹಾಲು’ ಎಂದು. ನಡುವೆ ‘ಔಟ್ ಆಫ್’ ಕಂಡರೆ ಕರ್ತೃವನ್ನು ಅದಲುಬದಲು ಮಾಡಬೇಕೆಂಬುದಕ್ಕೆ ಅದೇ ಸುಳಿವು. ತಾಳ್ಮೆಯಾದರೆ ಕೆಟ್ಟಿತು, ಪರವಾನಗಿಯಾದರೆ ಅವಧಿ ಮುಗಿಯಿತು. ‘ರನ್ ಔಟ್ ಆನ್’ ಎಂದಿದ್ದು ಮುಂದೆ ಹೆಂಡತಿ ಮಕ್ಕಳ ಮಾತು ಬಂದರೆ ಬಿಟ್ಟು ಓಡಿಹೋದ ಎಂದರ್ಥ. ಒಂದು ‘ಆನ್’ ಸೇರಿದ್ದಕ್ಕೆ ಹಾಲಿನ ಸಮಾಚಾರ ಸಂಸಾರದ ಸಮಾಚಾರವಾಗಿಬಿಟ್ಟಿತು.

‘ರನ್ ಓವರ್’ ಮೂರು ದಿಕ್ಕಿಗೆ ಹೋಗುತ್ತದೆ: ವಾಹನ ಹಾಯಿತು, ಪಾತ್ರೆ ಉಕ್ಕಿತು, ಸಭೆ ನಿಗದಿತ ಸಮಯ ಮೀರಿತು. ಕರ್ತೃ ನೋಡಿದರೆ ತಾನೇ ತಿಳಿಯುತ್ತದೆ. ‘ರನ್ ಇಂಟು’ ಎಂದರೆ ಗೆಳೆಯನಾದರೆ ಅಕಸ್ಮಾತ್ ಸಿಕ್ಕಿದ, ಕಂಬವಾದರೆ ಗುದ್ದಿದ, ಖರ್ಚಾದರೆ ಕೋಟಿಗಳಿಗೆ ಏರಿತು. ‘ರನ್ ಅಪ್’ ಸಾಲದ ಜೊತೆ ಬಂದರೆ ಬೆಳೆಸಿಕೊಂಡ. ಬೌಲರ್‌ನ ರನ್ ಅಪ್ ಹಾಗೇ ಉಳಿಯಲಿ. ಚುನಾವಣೆಯ ರನ್ ಅಪ್ ಎಂದರೆ ಮತದಾನಕ್ಕೆ ಮುಂಚಿನ ದಿನಗಳು. ‘ರನ್ ಡೌನ್’ ಕಟ್ಟಡಕ್ಕೆ ಪಾಳು, ಮನುಷ್ಯನಿಗೆ ಬಳಲಿಕೆ, ಬ್ಯಾಟರಿಗೆ ಚಾರ್ಜ್ ಇಳಿಯುವುದು, ಬಾಯಿಗೆ ಹೀಯಾಳಿಕೆ.

5. ಯಾವ ದೇಶದ, ಯಾವ ವೃತ್ತಿಯ ಇಂಗ್ಲಿಷ್ ಎಂದು ನೋಡಿ

ಅಮೆರಿಕದ ಕಥೆಯಲ್ಲಿ ಹೆಂಗಸರ ತೆಳು ಕಾಲುಚೀಲದಲ್ಲಿ ‘ರನ್’ ಬಿದ್ದರೆ ಎಳೆ ಬಿಟ್ಟುಕೊಂಡಿದೆ ಎಂದು ಅರ್ಥ. ಬ್ರಿಟನ್ನಿನವರು ಅದನ್ನೇ ‘ಲ್ಯಾಡರ್’ ಎನ್ನುತ್ತಾರೆ, ಏಣಿ. ಅನುವಾದಕರು ಅಲ್ಲೊಂದು ಏಣಿಯನ್ನು ನಿಲ್ಲಿಸಿಬಿಡುವುದೂ ಉಂಟು. ಬೇಸ್‌ಬಾಲಿನ ‘ಹೋಮ್ ರನ್’ ಅನ್ನು ಹಾಗೇ ಬಿಡಿ, ಬೇಕಾದರೆ ಒಂದು ವಿವರಣೆ ಕೊಡಿ. ಕ್ರಿಕೆಟ್ಟಿನ ಸಿಕ್ಸರ್ ಎಂದು ಬದಲಿಸಬೇಡಿ.

ನಮ್ಮಲ್ಲೇ ಹುಟ್ಟಿಕೊಂಡ ಅಥವಾ ನಮ್ಮ ಪೇಟೆಯಲ್ಲಿ ನೆಲೆ ಕಂಡ ಬಳಕೆಗಳು ಇನ್ನೂ ಮುಖ್ಯ, ಏಕೆಂದರೆ ಅವುಗಳಲ್ಲಿ ದುಡ್ಡು ಇದೆ. ಸೀರೆ ಅಂಗಡಿಯಲ್ಲಿ ‘ರನ್ನಿಂಗ್ ಬ್ಲೌಸ್’ ಎಂದರೆ ಸೀರೆಯ ಉದ್ದಕ್ಕೇ ಸೇರಿಕೊಂಡು ಬಂದ ರವಿಕೆ ಬಟ್ಟೆ, ಕತ್ತರಿಸಿಕೊಳ್ಳಬೇಕು. ಬೇರೆಯಾಗಿ ಕೊಡುತ್ತಾರೆಂದು ಕಾದರೆ ಸಿಗುವುದಿಲ್ಲ.

ಮನೆ ಕಟ್ಟಿಸುವವರು ‘ರನ್ನಿಂಗ್ ಫೀಟ್’ ವಿಷಯದಲ್ಲಿ ಕಿವಿ ನಿಮಿರಿಸಬೇಕು. ಇದು ಉದ್ದದ ಅಳತೆ ಮಾತ್ರ, ಅಗಲ ಲೆಕ್ಕಕ್ಕಿಲ್ಲ. ಅಡುಗೆಮನೆಯ ಕಟ್ಟೆ 10 ಅಡಿ ಉದ್ದ, 2 ಅಡಿ ಅಗಲ ಇದೆ ಎನ್ನೋಣ. ಉದ್ದಡಿಯ ಲೆಕ್ಕದಲ್ಲಿ ಅದು 10, ಚದರಡಿಯ ಲೆಕ್ಕದಲ್ಲಿ 20. ಅಂಚು ಪಾಲಿಶ್ ಸೇರಿ ದರ 250 ರೂಪಾಯಿ ಎಂದು ಬಾಯಿಮಾತಿನಲ್ಲಿ ಒಪ್ಪಿಕೊಂಡರೆ ಬಿಲ್ಲು 2,500 ರೂಪಾಯಿಯೂ ಆಗಬಹುದು, 5,000 ರೂಪಾಯಿಯೂ ಆಗಬಹುದು. ದರಪಟ್ಟಿಯಲ್ಲಿ ಅಂಕಿಯ ಮುಂದೆ ಉದ್ದಡಿಯೋ ಚದರಡಿಯೋ ಎಂದು ಬರೆಸಿಕೊಂಡು ಆಮೇಲೆ ಮುಂಗಡ ಕೊಡಿ. ಇಂಗ್ಲಿಷ್ ಪಾಠ ಇಷ್ಟು ನೇರವಾಗಿ ಲಾಭ ತರುವ ಸಂದರ್ಭಗಳು ಕಡಿಮೆ.

ಶಾಸ್ತ್ರಗ್ರಂಥಗಳಲ್ಲಿ ಪದ ಪಾರಿಭಾಷಿಕವಾಗಿರುತ್ತದೆ, ಅಂದರೆ ಆ ಶಾಸ್ತ್ರ ಅದಕ್ಕೆ ನಿಗದಿತ ಅರ್ಥ ಕೊಟ್ಟಿರುತ್ತದೆ. ಅರ್ಥಶಾಸ್ತ್ರದ ‘ಲಾಂಗ್ ರನ್’ ಇಷ್ಟೇ ವರ್ಷ ಎಂದಲ್ಲ. ಕಾರ್ಖಾನೆಯ ಗಾತ್ರವೂ ಸೇರಿದಂತೆ ಎಲ್ಲ ಉತ್ಪಾದನಾಂಗಗಳನ್ನೂ ಬದಲಿಸಲು ಸಾಕಾಗುವಷ್ಟು ಅವಧಿ. ಕನ್ನಡ ಪಠ್ಯಗಳು ದೀರ್ಘಾವಧಿ ಎನ್ನುತ್ತವೆ. ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ. ಮಾಮೂಲಿ ಮಾತಿನಲ್ಲಿ ‘ಇನ್ ದ ಲಾಂಗ್ ರನ್’ ಬಂದರೆ ‘ಮುಂದೆ’ ಅಥವಾ ‘ಕಾಲಕ್ರಮದಲ್ಲಿ’ ಸಾಕು.

6. ಬೆಸುಗೆಯ ಮಾತುಗಳನ್ನು ಇಡಿಯಾಗಿ ನುಂಗಿ

ಕೆಲವು ಪ್ರಯೋಗಗಳು ಮೇಲಿನ ಯಾವ ಹಂತಕ್ಕೂ ಬಗ್ಗುವುದಿಲ್ಲ. ‘ರನ್ಸ್ ಇನ್ ದ ಫ್ಯಾಮಿಲಿ’ ಎಂದರೆ ಮನೆತನದಲ್ಲೇ ಬಂದದ್ದು. ‘ಆನ್ ದ ರನ್’ ಎಂದರೆ ತಲೆಮರೆಸಿಕೊಂಡಿದ್ದಾನೆ. ಅವನು ಆ ಹೊತ್ತಿಗೆ ಎಲ್ಲೋ ಮಲಗಿ ನಿದ್ರಿಸುತ್ತಿರಬಹುದು. ‘ರನ್ ಆಫ್ ದ ಮಿಲ್’ ಎಂದರೆ ಹತ್ತರಲ್ಲಿ ಹನ್ನೊಂದನೆಯದು, ಗಿರಣಿಯನ್ನು ತರಬೇಡಿ. ‘ಡ್ರೈ ರನ್’ ಎಂದರೆ ತಾಲೀಮು. ಸಂಖ್ಯೆಯೊಂದಿಗೆ ದಿನ ಅಥವಾ ವರ್ಷ ಹೇಳಿ ಕೊನೆಗೆ ‘ರನ್ನಿಂಗ್’ ಎಂದಿದ್ದರೆ ‘ಸತತ’: ಸತತ ಐದು ದಿನ ಮಳೆ. ವೈದ್ಯರ ಬಳಿ ಯಾರಾದರೂ ‘ದ ರನ್ಸ್’ ಎಂದರೆ ಕ್ರಿಕೆಟ್ ಅಲ್ಲ, ಭೇದಿ.

7. ಇಂಗ್ಲಿಷನ್ನು ಮುಚ್ಚಿಟ್ಟು ಓದಿ

ಕನ್ನಡ ವಾಕ್ಯ ಬರೆದಾದ ಮೇಲೆ ಮೂಲವನ್ನು ಮಗುಚಿಟ್ಟು, ಅರ್ಧ ಗಂಟೆ ಬಿಟ್ಟು, ಗಟ್ಟಿಯಾಗಿ ಓದಿ. ಬಾಯಿ ತಡವರಿಸಿದ ಜಾಗದಲ್ಲಿ ಬಹುತೇಕ ‘ಓಡು’ ಕುಳಿತಿರುತ್ತದೆ. ಮೊಬೈಲಿನ ಅನುವಾದ ತಂತ್ರಾಂಶ ಬಳಸುವವರು ಒಂಟಿ ಪದವನ್ನು ಹಾಕಬೇಡಿ, ಪೂರ್ತಿ ವಾಕ್ಯ ಹಾಕಿ. ಬಂದ ಉತ್ತರವನ್ನು ಎರಡನೇ ಹಂತದ ಬೆರಳು ಮುಚ್ಚುವ ಪರೀಕ್ಷೆಗೆ ಒಡ್ಡಿ.

ಕೈ ಪಳಗಿಸಿಕೊಳ್ಳಲು ಒಂದು ವಾಕ್ಯ: ‘ದ ಮ್ಯಾನ್ ಹೂ ರನ್ಸ್ ದ ಬಸ್ ಕಂಪನಿ ಈಸ್ ರನ್ನಿಂಗ್ ಫಾರ್ ಮೇಯರ್, ಬಟ್ ಹಿಸ್ ಮನಿ ಈಸ್ ರನ್ನಿಂಗ್ ಔಟ್.’ ಮೂರು ಸಲ ಒಂದೇ ಪದ. ಕರ್ತೃ, ಕರ್ಮ, ಬಾಲ ಮೂರನ್ನೂ ಗುರುತಿಸಿಕೊಂಡು ನೀವೇ ಬರೆದು ನೋಡಿ, ಆಮೇಲೆ ಮುಂದಕ್ಕೆ ಓದಿ.

ನನ್ನ ಉತ್ತರ: ಬಸ್ ಕಂಪನಿ ನಡೆಸುವವರು ಮೇಯರ್ ಸ್ಥಾನಕ್ಕೆ ನಿಂತಿದ್ದಾರೆ, ಆದರೆ ಕೈಯಲ್ಲಿನ ಹಣ ಕರಗುತ್ತಿದೆ. ‘ಮುಗಿಯುತ್ತಿದೆ’ ಎಂದು ಬರೆದಿದ್ದರೂ ಪೂರ್ಣ ಅಂಕ. ‘ನಿಂತಿದ್ದಾರೆ’ ಬದಲು ‘ಸ್ಪರ್ಧಿಸಿದ್ದಾರೆ’ ಎಂದಿದ್ದರೂ ಸರಿ. ಬಸ್ ಇದೆಯಲ್ಲ ಎಂದು ‘ಓಡಿಸುವವರು’ ಎಂದು ಬರೆದವರು ಮೂರನೇ ಹಂತಕ್ಕೆ ವಾಪಸು ಹೋಗಬೇಕು: ಅಲ್ಲಿ ಕರ್ಮ ಬಸ್ ಅಲ್ಲ, ಕಂಪನಿ.